ಬಾಗಿಲು ಕಾಯುವವನ ಪರ ವಾದಿಸಿ ಸಿಕ್ಕಿಬಿದ್ದದ್ದು

ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬಸ್ಸುಗಳಲ್ಲಿ ನನ್ನಷ್ಟು ಜನರನ್ನು ಪೇಚಿಗೆ ಸಿಕ್ಕಿಸಿದ ಕಂಡಕ್ಟರ್ ಇನ್ನೊಬ್ಬ ಹುಟ್ಟಿಲ್ಲ. ಇದು ಜಂಬವಲ್ಲ, ಬೇಕಾದರೆ ಹೊಸನಗರ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ. ಬಾಯಿ ತೆರೆದು ನಿದ್ದೆ ಹೊಡೆಯುವವರ ಕಿವಿಯ ಹತ್ತಿರ ಬಗ್ಗಿ, ಸಾಗರ ಬಂತು ಇಳೀರಿ ಅನ್ನುತ್ತಿದ್ದೆ. ಅವರು ಗಡಬಡಿಸಿ ಚೀಲ ಹೊತ್ತು ಬಟ್ಟೆಮಲ್ಲಪ್ಪದಲ್ಲಿ ಇಳಿದು ಕಣ್ಣು ಕಣ್ಣು ಬಿಡುವಾಗ ಇಡೀ ಬಸ್ಸು ನಗುತ್ತಿತ್ತು. ಆಮೇಲೆ ಸೀಟಿ ಊದಿ ಹತ್ತಿಸಿಕೊಳ್ಳುತ್ತಿದ್ದೆ ಅನ್ನಿ. ಕೊನೆಕೊನೆಗೆ ಸಾಗರ ನಿಜವಾಗಿ ಬಂದಾಗಲೂ ಜನ ಏಳುತ್ತಿರಲಿಲ್ಲ. ಕಿಟಕಿಯಿಂದ ಹಣಕಿ ನೋಡಿ, ಖಾತ್ರಿ ಮಾಡಿಕೊಂಡು, ನನ್ನನ್ನೊಮ್ಮೆ ದುರುಗುಟ್ಟಿ ಇಳಿಯುತ್ತಿದ್ದರು.

ಅಂಥ ನಾನು ಹೆದರಿದ ಕತೆ ಇದು. ಹೆದರಿದ್ದು ಒಂದು ಕಣ್ಣಿಗಾಗಿ.

ನನ್ನ ಎಡಗಣ್ಣು ಹರೆಯದಲ್ಲೇ ಹೋಗಿತ್ತು. ಬೇಲಿಗೆ ಬಿದಿರು ಸೀಳುವಾಗ ಸಿಬಿರು ಚಿಮ್ಮಿ ನಾಟಿತು. ಉಳಿದ ಬಲಗಣ್ಣಿನಲ್ಲೇ ಟಿಕೆಟ್ ಹರಿದೆ, ಹೆಣ್ಣು ನೋಡಿದೆ, ಮದುವೆಯಾದೆ, ಬಸ್ಸು ನಿಂತಲ್ಲೆಲ್ಲ ಲೈಬ್ರರಿಯಿಂದ ತಂದ ಕಾದಂಬರಿಗಳನ್ನು ಓದಿದೆ. ಎರಡು ಕಣ್ಣು ಇದ್ದವರಿಗಿಂತ ಒಂದು ಕೈ ಮೇಲೇ ಓದಿದ್ದೇನೆ. ಕೆಲಸ ಬಿಟ್ಟ ಮೇಲೆ ಆ ಕಣ್ಣಿಗೂ ಪೊರೆ ಬಂತು. ಸಾಗರದ ಕಣ್ಣಿನ ಡಾಕ್ಟರಮ್ಮ ಒಳ್ಳೆಯವರು. ಪೊರೆ ಬಲಿತಿದೆ, ಬೇಗ ತೆಗೆಸಿಬಿಡಿ, ತಡ ಮಾಡಿದಷ್ಟೂ ಕಷ್ಟ, ನಿಮಗೆ ಇರುವುದು ಒಂದೇ ಕಣ್ಣಾದ್ದರಿಂದ ನಾವು ಇನ್ನೂ ಹುಷಾರಾಗಿ ಮಾಡುತ್ತೇವೆ ಎಂದರು. ಅವರು ಧೈರ್ಯ ಹೇಳಿದ್ದು. ನನಗೆ ಕೇಳಿಸಿದ್ದು ಒಂದೇ ಕಣ್ಣು ಅನ್ನುವುದು ಮಾತ್ರ. ಅದೂ ಹೋದರೆ ಎನ್ನುವ ಯೋಚನೆ ಆ ದಿನ ನನ್ನ ಜೊತೆ ಬಸ್ಸು ಹತ್ತಿ ಮನೆಗೇ ಬಂತು.

ಹೆಂಡತಿಗೆ, ಇನ್ನೂ ಬಲಿತಿಲ್ಲವಂತೆ, ಬಲಿತ ಮೇಲೆ ಬರಲಿಕ್ಕೆ ಹೇಳಿದ್ದಾರೆ ಎಂದೆ, ಹಲಸಿನಕಾಯಿಯ ವಿಷಯ ಹೇಳುವ ಹಾಗೆ. ಸ್ನೇಹಿತರ ಹತ್ತಿರ, ನನ್ನ ಕಣ್ಣಿನ ತೇಜಸ್ಸಿಗೆ ಡಾಕ್ಟರೇ ಹೆದರಿ ದಿನ ಮುಂದೆ ಹಾಕುತ್ತಿದ್ದಾರೆ ಎಂದೆ. ಎಲ್ಲರೂ ನಕ್ಕರು. ನಗಿಸುವವನಿಗೆ ಇದೊಂದು ಅನುಕೂಲ, ಅವನನ್ನು ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಬೆಳಿಗ್ಗೆ ಎಚ್ಚರವಾದರೂ ಕಣ್ಣು ತೆರೆಯದೆ ಮಲಗಿರುತ್ತಿದ್ದೆ. ಮಾಡಿನ ಗಾಜಿನ ಹಂಚಿನಿಂದ ಗೋಡೆಯ ಮೇಲೆ ಬೆಳಕು ಬೀಳುವ ಜಾಗ ನನಗೆ ಗೊತ್ತು. ಇವತ್ತು ಅದು ಕಾಣದಿದ್ದರೆ ಎಂದುಕೊಳ್ಳುತ್ತ ಹೊರಳಾಡಿ, ಕೊನೆಗೆ ರೆಪ್ಪೆ ಎತ್ತುತ್ತಿದ್ದೆ. ಮಜ್ಜಿಗೆ ಚೆಲ್ಲಿದ ಹಾಗೆ ಏನೋ ಬೆಳ್ಳಗೆ ಕಂಡರೆ ಆ ದಿನಕ್ಕೆ ಬದುಕಿದೆ ಅನ್ನಿಸುತ್ತಿತ್ತು. ದಿನ ಹೋದಂತೆ ಆ ಮಜ್ಜಿಗೆಗೂ ಬೂದಿ ಬೆರೆತ ಹಾಗಾಯಿತು. ಹೆಂಡತಿ ಸಂಘದ ಮೀಟಿಂಗಿಗೆ ಹೋಗಿದ್ದ ಒಂದು ಮಧ್ಯಾಹ್ನ, ಮುಂದೆ ಹೇಗಿದ್ದರೂ ಬೇಕಾಗುತ್ತದೆ ಎಂದು ಕಣ್ಣು ಮುಚ್ಚಿ ಮಂಚದಿಂದ ಬಚ್ಚಲಿಗೆ ನಡೆಯುವುದನ್ನು ಅಭ್ಯಾಸ ಮಾಡಿದೆ. ಹೊಸಲು ಎಡವಿ ಹಂಡೆಯ ಮೇಲೆ ಬಿದ್ದೆ. ಅವಳು ಬಂದು ಕೇಳಿದಾಗ ಬೆಕ್ಕನ್ನು ಹೆದರಿಸಲಿಕ್ಕೆ ಹೋಗಿ ಬಿದ್ದೆ ಎಂದೆ. ಈ ವಯಸ್ಸಲ್ಲೂ ಮಂಗಾಟ ಬಿಡ್ಲಿಲ್ಲ ಎಂದು ಬೈದು ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಮಂಗಾಟ ಅಂದುಕೊಂಡಳಲ್ಲ ಎಂದು ನನಗೆ ಸಮಾಧಾನವಾಯಿತು.

ಇದೇ ದಿನಗಳಲ್ಲಿ ನಾನು ಒಬ್ಬ ಹೇಡಿಯ ವಕೀಲನಾದೆ.

ನಮ್ಮದೊಂದು ಓದುವ ಕೂಟ. ತಿಂಗಳಿಗೊಮ್ಮೆ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಸರದಿಯ ಮೇಲೆ ಸೇರುತ್ತೇವೆ. ತೀರ್ಥಹಳ್ಳಿಯ ಒಬ್ಬ ನಿವೃತ್ತ ಟೀಚರ್ ಅದರ ಯಜಮಾನಿ. ನನ್ನ ಬಸ್ಸಿನ ಹಳೆಯ ಡ್ರೈವರ್ ಕೂಡ ಇದ್ದಾನೆ. ಓದುವುದು ಕಡಿಮೆ, ಮದ್ದಳೆ ಬಾರಿಸುವುದರಲ್ಲಿ ಗಟ್ಟಿಗ. ಆ ವರ್ಷ ನಾವು ಒಂದು ಮಾಯಾಲೋಕದ ಕಾದಂಬರಿ ಮಾಲೆ ಹಿಡಿದಿದ್ದೆವು. ಆರು ಸಂಪುಟ ಬಂದಿದ್ದವು, ಏಳನೆಯದು ಕೊನೆಯದು, ಇನ್ನೇನು ಬರಲಿತ್ತು.

ಕತೆ ಹೀಗಿದೆ. ಗುಡ್ಡದ ಮೇಲೊಂದು ಕೋಟೆ, ಕೆಳಗಿನ ಕಣಿವೆಯಲ್ಲಿ ಮಂಜಿನ ಜನ. ಅವರು ಸತ್ತವರ ದನಿಯಲ್ಲಿ ಕರೆಯುತ್ತಾರೆ, ಓಗೊಟ್ಟವರ ನೆರಳನ್ನು ಕಿತ್ತುಕೊಂಡು ಹೋಗುತ್ತಾರೆ. ಮೊದಲ ಸಂಪುಟದಲ್ಲಿ ಕೋಟೆಯ ಬಾಗಿಲು ಕಾಯುವವನು ಆ ದನಿ ಕೇಳಿ ಹೆದರಿ, ಅಗುಳಿ ಹಾಕುವುದನ್ನೂ ಬಿಟ್ಟು ಓಡುತ್ತಾನೆ. ಮಂಜು ಒಳಗೆ ನುಗ್ಗುತ್ತದೆ, ರಾಣಿಯ ತಮ್ಮ ಸಾಯುತ್ತಾನೆ. ಅಲ್ಲಿಂದ ಮುಂದೆ ಈ ಬಾಗಿಲಿನವನನ್ನು ಕಂಡರೆ ಓದುಗರಿಗೆಲ್ಲ ಮೈ ಉರಿ. ಕೂಟದಲ್ಲಿ ಅವನು ಬರುವ ಪುಟಗಳನ್ನು ಹಾರಿಸಿ ಓದುವವರೂ ಇದ್ದರು. ಕಾದಂಬರಿ ಬರೆದವರು ಅವನನ್ನು ಸುಮ್ಮನೆ ಬೆಳೆಸುತ್ತಿದ್ದಾರೆ, ಕೊನೆಯ ಸಂಪುಟದಲ್ಲಿ ಮತ್ತೆ ಓಡಿಯೇ ಓಡುತ್ತಾನೆ ಎಂದು ಎಲ್ಲರ ತೀರ್ಮಾನ.

ನಾನು ಒಪ್ಪಲಿಲ್ಲ. ಆರನೆಯ ಸಂಪುಟವನ್ನು ಭೂತಗನ್ನಡಿ ಹಿಡಿದು, ಅಂಗಳದ ಬಿಸಿಲಿಗೆ ಕುರ್ಚಿ ಸರಿಸಿಕೊಂಡು, ಇಡೀ ಬೇಸಿಗೆ ಓದಿದವನು ನಾನು. ಅಷ್ಟು ನಿಧಾನಕ್ಕೆ ಓದಿದರೆ ಎಂಥವನ ಒಳಗೂ ಕಾಣುತ್ತದೆ. ನೋಡಿ, ಮೂರನೆಯ ಸಂಪುಟದಲ್ಲಿ ಅವನು ಅಗುಳಿ ತುಕ್ಕು ಹಿಡಿದಿತ್ತು ಎಂದು ಸುಳ್ಳು ಹೇಳುತ್ತಾನೆ. ನಾಲ್ಕರಲ್ಲಿ ಅಗುಳಿ ಸರಿ ಇತ್ತು, ಆದರೆ ಕಾವಲಿನವರೆಲ್ಲ ಮಲಗಿದ್ದರು ಅನ್ನುತ್ತಾನೆ. ಸುಳ್ಳು ಅರ್ಧ ಕರಗಿತು. ಐದರಲ್ಲಿ ಯಾರೂ ಕೇಳದೆ ತಾನೇ ರಾಣಿಯ ಮುಂದೆ ಹೋಗಿ, ಹೆದರಿ ಓಡಿದೆ ಅನ್ನುತ್ತಾನೆ. ಆರರಲ್ಲಿ ಯಾರಿಗೂ ಬೇಡವಾದ ಅದೇ ಬಾಗಿಲಿನ ಕೆಲಸಕ್ಕೆ ಮರಳುತ್ತಾನೆ. ಮಂಜು ಏರುವ ಹೊತ್ತಿಗೆ ಅವನು ತನ್ನ ಕಾಲನ್ನು ತಾನೇ ಬಾಗಿಲಿನ ಕಬ್ಬಿಣದ ಬಳೆಗೆ ಹಗ್ಗದಿಂದ ಕಟ್ಟಿಕೊಳ್ಳುತ್ತಾನೆ. ಎಲ್ಲರ ಮುದ್ದಿನ ಬಿಲ್ಲುಗಾರ ರಾಜಕುಮಾರನಿಗೆ ಸಂಪುಟಕ್ಕೊಂದರಂತೆ ಗುರು, ಹಾರುವ ಕುದುರೆ, ಮಂತ್ರದ ಬಾಣ ಸಿಕ್ಕವು. ಅದಕ್ಕೆ ಬೆಳವಣಿಗೆ ಅನ್ನುವುದಿಲ್ಲ, ಬಡ್ತಿ ಅನ್ನುತ್ತಾರೆ. ಬಾಗಿಲಿನವನಿಗೆ ಸಿಕ್ಕಿದ್ದು ಒಂದು ತುಂಡು ಹಗ್ಗ, ಅದನ್ನೂ ಅವನೇ ಹುಡುಕಿಕೊಂಡ.

ಟೀಚರ್ ಬಿಡಲಿಲ್ಲ. "ಹೆದರಿಕೇನೇ ಹೋಗದವ್ನು ಬದಲಾಗಿದಾನೆ ಅಂತ ಹೆಂಗೆ ಹೇಳ್ತೀರಿ ಕಂಡಕ್ಟ್ರೇ? ಓಡ್ತೀನಿ ಅಂತ ಗೊತ್ತಿದ್ದಕ್ಕೇ ಕಾಲು ಕಟ್ಕಂಡಿದ್ದು ಅವ್ನು."

"ಅದನ್ನೇ ನಾನೂ ಹೇಳೋದು ಟೀಚರ್. ಮೊದ್ಲು ಅವ್ನಿಗೆ ಅದು ಗೊತ್ತಿರ್ಲಿಲ್ಲ."

ಅವರು, ಆಯಿತು, ಏಳನೆಯ ಸಂಪುಟ ತೆರೆಯುವ ಮೊದಲು ಇದನ್ನು ತಾಳಮದ್ದಳೆಯಲ್ಲಿ ತೀರ್ಮಾನ ಮಾಡಿಬಿಡೋಣ ಎಂದರು. ನಮ್ಮ ಕಡೆ ಬಗೆಹರಿಯದ ವಾದಕ್ಕೆ ಅದೇ ಕೊನೆಯ ಕೋರ್ಟು. ವೇಷವಿಲ್ಲ, ಕುಣಿತವಿಲ್ಲ. ಹಾಡು, ತಾಳ, ಮದ್ದಳೆ ನಿಂತ ಮೇಲೆ ಕೂತಲ್ಲೇ ಪಾತ್ರವಾಗಿ ಮಾತಾಡಬೇಕು, ಅದಕ್ಕೇ ಅರ್ಥ ಹೇಳುವುದು ಅನ್ನುತ್ತಾರೆ. ಎದುರಿನವರು ಏನು ಕೇಳಿದರೂ ಪಾತ್ರದ ಒಳಗಿನಿಂದಲೇ ಉತ್ತರ ಕೊಡಬೇಕು. ಬಾಯಿಪಾಠ ಇಲ್ಲ, ಆಡಿದ ಮಾತು ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ಪುರಾಣದ ಪ್ರಸಂಗ ಬಿಟ್ಟು ಕಾದಂಬರಿಗೆ ತಾಳಮದ್ದಳೆ ಮಾಡಿದವರು ನಾವೇ ಮೊದಲಿರಬೇಕು. ಟೀಚರ್ ತಾವೇ ನಾಲ್ಕು ಪದ್ಯ ಹೊಸೆದರು. ಅವರು ರಾಣಿ, ನಾನು ಬಾಗಿಲು ಕಾಯುವವ.

ಆಡಿದ ಮಾತಿನ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಹಿಂದೊಮ್ಮೆ ನಮ್ಮ ಡ್ರೈವರ್ ರಾಜನ ಅರ್ಥ ಹೇಳುವಾಗ ಹುಮ್ಮಸ್ಸು ಬಂದು, ಬ್ರಾಹ್ಮಣನ ಪಾತ್ರದವನಿಗೆ ತನ್ನ ಮನೆಯ ಕಪ್ಪು ಹಸುವನ್ನೇ ದಾನ ಕೊಟ್ಟೆ ಎಂದುಬಿಟ್ಟ. ಮಾರನೆಯ ದಿನ ನಾನು ಕೂಟದವರನ್ನೆಲ್ಲ ಕರೆದುಕೊಂಡು ಅವನ ಕೊಟ್ಟಿಗೆಯ ಮುಂದೆ ಹೋಗಿ ನಿಂತೆ. ಅರ್ಥ ಹೇಳಿದವನೇ ಮಾತಿಗೆ ಜವಾಬ್ದಾರ, ಹಸು ಬಿಚ್ಚು ಎಂದೆ. ಒಂದು ಕ್ಯಾನ್ ಹಾಲು ಕೊಟ್ಟು ಕೈಮುಗಿದ ಮೇಲೇ ಬಿಟ್ಟದ್ದು. ಅಂದಿನಿಂದ ಅದು ನಮ್ಮ ಕೂಟದ ಕಾನೂನು. ಮಾಡಿದವನು ನಾನು.

ಒಂದು ಭಾನುವಾರ ಮಧ್ಯಾಹ್ನ ತೀರ್ಥಹಳ್ಳಿಯ ಹಳೆಯ ಛತ್ರದಲ್ಲಿ ಜನ ಸೇರಿದರು. ವೇದಿಕೆ ಹತ್ತುವಾಗ ಕೊನೆಯ ಮೆಟ್ಟಿಲು ನನಗೆ ಕಾಣಲೇ ಇಲ್ಲ. ಮುಗ್ಗರಿಸಿ ಟೀಚರ ಕುರ್ಚಿಗೆ ಕೈ ಊರಿ ನಿಂತೆ. ಹೇಡಿಯ ಪ್ರವೇಶವನ್ನು ಎಷ್ಟು ಚೆನ್ನಾಗಿ ತೋರಿಸಿದ ಎಂದು ಜನ ಚಪ್ಪಾಳೆ ತಟ್ಟಿದರು. ನಾನೂ ಹಲ್ಲು ಕಿರಿದು ಕೂತೆ. ಟೀಚರ್ ಮಾತ್ರ ನಗಲಿಲ್ಲ. ನನ್ನ ಕೈಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದರು.

ಶುರುವಿನಲ್ಲಿ ನಾನು ಹುಲಿ. "ಮಹಾರಾಣಿ, ಅಂದು ಅಗುಳಿಯನ್ನು ಮರೆತ ಈ ಕೈಗಳನ್ನು ಕಡಿಸಿರಿ. ಆದರೆ ಇಂದು ಈ ಕಾಲನ್ನು ಬಿಗಿದು ನಿಲ್ಲಿಸಿದವೂ ಇವೇ ಕೈಗಳೆಂಬುದನ್ನು ನೆನೆದು ಕಡಿಸಿರಿ." ಜನ ಭೇಷ್ ಎಂದರು. ಮದ್ದಳೆ ಗುಡುಗಿತು.

ರಾಣಿ ಅವಸರ ಮಾಡಲಿಲ್ಲ. "ನಿನ್ನ ಹಗ್ಗದ ವಿಚಾರವನ್ನು ಲೋಕವೆಲ್ಲ ಆಡುತ್ತಿದೆ ದ್ವಾರಪಾಲಕ. ನನ್ನ ತಮ್ಮನ ವಿಚಾರ ಆಡುವವರು ಒಬ್ಬರೂ ಉಳಿದಿಲ್ಲ."

ಅಷ್ಟು ಸಂಪುಟ ಓದಿ, ಬಾಗಿಲಿನವನಿಗಾಗಿ ಅಷ್ಟು ಜಗಳವಾಡಿ, ಸತ್ತ ಹುಡುಗನನ್ನು ನಾನೂ ಮರೆತಿದ್ದೆ. ತಡವರಿಸಿ, ಕ್ಷಮೆ ಕೇಳಲು ಬಂದವನಲ್ಲ ತಾಯಿ, ಬಾಗಿಲಿನ ಕೆಲಸ ಕೇಳಲು ಬಂದವನು ಎಂದೆ. ಅವರು ಅದನ್ನು ಒಪ್ಪಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಈಗಲೂ ಹೆದರುತ್ತೀಯಾ ಎಂದು ಕೇಳಿದರು. ಹೆದರುತ್ತೇನೆ ಎಂದೆ.

"ಯಾವುದಕ್ಕೆ?"

ಮಂಜಿಗೆ ಎನ್ನಬೇಕಿತ್ತು. ನಾಲಗೆಯ ತುದಿಯಲ್ಲೇ ಇತ್ತು. ಹೇಳಲಿಕ್ಕೆಂದು ಅವರ ಮುಖದ ಕಡೆ ತಿರುಗಿದೆ. ಅವರ ಹಿಂದಿನ ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಸೀರೆಯ ಅಂಚು ಮಸುಕಾಗಿ ಕಂಡಿತು, ಅದರ ಮೇಲೆ ಮುಖ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬೂದು ಬಣ್ಣದ ಹೊಗೆ, ಅದರೊಳಗಿಂದ ಒಂದು ದನಿ. ಕೂತ ಕುರ್ಚಿ, ತುಂಬಿದ ಸಭೆ, ಕಲಿತ ದೊಡ್ಡ ದೊಡ್ಡ ಮಾತು ಎಲ್ಲ ಎಲ್ಲಿಗೋ ಹೋಯಿತು.

"ಕತ್ಲೆಗೆ ಟೀಚರ್," ಎಂದೆ. "ಇರೋದೇ ಒಂದು ಕಣ್ಣು. ಬೇಗ ಬನ್ನಿ ಅಂದಿದ್ರು ಡಾಕ್ಟ್ರು, ನಾನೇ ಹೋಗ್ಲಿಲ್ಲ. ಕೈ ಹಾಕಿದ ಮೇಲೆ ಇದೂ ಹೋದ್ರೆ ಎಂತ ಮಾಡೋದು."

ಹಿಂದಿನ ಸಾಲಿನವರು ನಕ್ಕರು. ಕಂಡಕ್ಟರನ ಹೊಸ ಕೀಟಲೆ ಎಂದುಕೊಂಡರು. ಮುಂದಿನ ಸಾಲು ನಗಲಿಲ್ಲ. ಮದ್ದಳೆಯ ಮೇಲೆ ಆಡುತ್ತಿದ್ದ ಬೆರಳುಗಳು ನಿಂತವು. ನನಗೆ ಪ್ರಜ್ಞೆ ಬಂತು, ಹೇಗಾದರೂ ಇಲ್ಲಿಂದ ಪಾರಾಗಬೇಕಲ್ಲ. ಎದೆ ಸೆಟೆಸಿ ಮತ್ತೆ ಪಾತ್ರದ ಭಾಷೆಗೆ ಹಾರಿದೆ. ಆದರೂ ಮಹಾರಾಣಿ, ಬರುವ ವಾರವೇ ಆ ಕತ್ತಿಯ ಅಡಿಯಲ್ಲಿ ಮಲಗುತ್ತೇನೆ, ಇದು ಈ ಬಾಗಿಲಿನವನು ಸಭೆಗೆ ಕೊಟ್ಟ ಮಾತು ಎಂದೆ. ಛತ್ರ ಬಿರಿಯುವ ಹಾಗೆ ಚಪ್ಪಾಳೆ ಬಿತ್ತು. ಬದುಕಿದೆ, ಮಾತು ಕೊಟ್ಟವನು ನಾನಲ್ಲ ಎಂದುಕೊಂಡು ಬಸ್ಸು ಹತ್ತಿದೆ. ಕಾನೂನು ಮಾಡಿದವನಿಗೇ ಕಾನೂನು ಮರೆತುಹೋಗಿತ್ತು.

ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಮುಂದೆ ಡ್ರೈವರನ ಓಮ್ನಿ ನಿಂತಿತ್ತು. ಎಂತಕ್ಕೆ ಬಂದೆ ಎಂದರೆ, "ಹೊರಡು ಮಾರಾಯ, ಹಸು ಬಿಚ್ಚೋಕೆ ಬಂದೀನಿ," ಎಂದ. ನಾನು ವಾದ ಹೂಡಿದೆ. ಅದು ಬಾಗಿಲಿನವನ ಮಾತು, ಆ ಕಾದಂಬರಿಯಲ್ಲಿ ಕಣ್ಣಿನ ಆಸ್ಪತ್ರೆಯೇ ಇಲ್ಲ, ಬೇಕಿದ್ದರೆ ಎರಡು ಕ್ಯಾನ್ ಹಾಲು ಕೊಡುತ್ತೇನೆ ಎಂದೆ. ಅವನು ನಗುತ್ತಿದ್ದ. ಬಾಗಿಲಲ್ಲಿ ಹೆಂಡತಿ ನಿಂತಿದ್ದಾಳೆಂದು ಅವಳ ಬಳೆ ಸದ್ದಿನಿಂದ ಗೊತ್ತಾಯಿತು. ಟೀಚರ್ ರಾತ್ರಿಯೇ ಅವಳಿಗೆ ಫೋನ್ ಮಾಡಿದ್ದರು.

"ಬಲಿತಿಲ್ಲ ಅಂದಿದ್ರಿ," ಎಂದಳು. ಬೈಯಲಿಲ್ಲ. ಬೈದಿದ್ದರೆ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಚೀಲ ಆಗಲೇ ತುಂಬಿಟ್ಟಿದ್ದಳು.

ಸಾಗರದಲ್ಲಿ ಡಾಕ್ಟರಮ್ಮ ಕಣ್ಣು ನೋಡಿ, ವಾರದ ಕೊನೆಗೆ ಆಪರೇಷನ್ ಎಂದು ದಿನ ಕೊಟ್ಟರು. ಆ ವಾರದಲ್ಲೇ ಏಳನೆಯ ಸಂಪುಟ ಬಂತು. ಕೂಟದವರೆಲ್ಲ ಓದಿ ಮುಗಿಸಿದರು. ಬಾಗಿಲಿನವನು ಏನಾದ ಎಂದು ಒಬ್ಬರೂ ನನಗೆ ಹೇಳಲಿಲ್ಲ. ಟೀಚರಿಗೆ ಫೋನಿನಲ್ಲಿ ಕೇಳಿದರೆ, ನೀವೇ ಓದಿ ಕಂಡಕ್ಟ್ರೇ ಎಂದು ಇಟ್ಟುಬಿಟ್ಟರು. ಅವನು ಗೆದ್ದಿದ್ದರೆ ಯಾರಾದರೂ ಬಾಯಿಬಿಡುತ್ತಿದ್ದರಲ್ಲ. ಆ ಮೌನದಿಂದ ನನ್ನ ಭಯ ಇಮ್ಮಡಿಯಾಯಿತು. ಅವನು ಮತ್ತೆ ಓಡಿದ್ದರೆ ನನ್ನ ಕಣ್ಣೂ ಹೋಗುತ್ತದೆ ಎಂದು ತಲೆಯೊಳಗೆ ಹೇಗೋ ಗಂಟು ಬಿದ್ದಿತ್ತು. ನಗಬೇಡಿ. ಆಪರೇಷನ್ನಿಗೆ ದಿನ ಗೊತ್ತಾದವರ ತಲೆ ಹಾಗೇ ಓಡುವುದು.

ಆಪರೇಷನ್ ದಿನ ಕಣ್ಣಿಗೆ ಹನಿ ಹಾಕಿ ಹಾಕಿ ಕೂರಿಸಿದರು. ಆಮೇಲೆ ಮಲಗಿಸಿ ಮುಖಕ್ಕೆ ಬಟ್ಟೆ ಮುಚ್ಚಿದರು. ಕಣ್ಣಿನ ಜಾಗದಲ್ಲಿ ಮಾತ್ರ ತೂತು, ಅದರ ಮೇಲೆ ಸುಡುವಂಥ ಬೆಳಕು. ನೋವಿರಲಿಲ್ಲ. ನೋವಿದ್ದಿದ್ದರೆ ಅದನ್ನಾದರೂ ಹಿಡಿದುಕೊಂಡಿರುತ್ತಿದ್ದೆ. ಅಲ್ಲಾಡಬೇಡಿ ಅಜ್ಜ ಎಂದರು ಡಾಕ್ಟರಮ್ಮ. ಹಲ್ಲು ಕಟಕಟ ಅನ್ನುತ್ತಿತ್ತು, ಅದನ್ನು ನಿಲ್ಲಿಸಲಿಕ್ಕೆ ನಾಲಗೆ ಕಚ್ಚಿಕೊಂಡೆ. ನನ್ನ ಕೈಕಾಲು ಯಾರೂ ಕಟ್ಟಿರಲಿಲ್ಲ. ಎದ್ದು ಹೋಗಬಹುದಿತ್ತು. ಹೋಗುತ್ತೇನೆ ಎಂದು ಒಂದು ಸಲ ಬಲವಾಗಿ ಅನ್ನಿಸಿತು ಕೂಡ. ಯಾಕೆ ಏಳಲಿಲ್ಲ ಎಂದು ಕೇಳಿದರೆ ಇವತ್ತಿಗೂ ಗೊತ್ತಿಲ್ಲ. ಧೈರ್ಯ ಬಂತು ಎಂದು ಕೂಟದಲ್ಲಿ ಕೊಚ್ಚಿಕೊಂಡಿದ್ದೇನೆ, ಅದು ಸುಳ್ಳು. ಹೆದರಿಕೆ ಇದ್ದಷ್ಟೇ ಇತ್ತು. ಬೆಳಕು ಬಣ್ಣ ಬಣ್ಣವಾಗಿ ಒಡೆಯಿತು, ಆಮೇಲೆ ಬ್ಯಾಂಡೇಜು ಬಿತ್ತು.

ಎರಡು ಕಣ್ಣಿದ್ದವರಿಗೆ ಬ್ಯಾಂಡೇಜು ಎಂದರೆ ಅರ್ಧ ಕತ್ತಲೆ. ನನಗೆ ಪೂರ್ತಿ. ಮಾರನೆಯ ಬೆಳಿಗ್ಗೆ ಬಿಚ್ಚುವವರೆಗೂ ನಾನು ಅಭ್ಯಾಸ ಮಾಡಲು ಹೋಗಿ ಬಿದ್ದಿದ್ದ ಆ ಕತ್ತಲೆಯೊಳಗೇ ಇದ್ದೆ. ವಾರ್ಡಿನ ಗೋಡೆ ಎಷ್ಟು ದೂರ, ಮಂಚದ ಅಂಚು ಎಲ್ಲಿ ಎಂದು ಕೈಯಾಡಿಸಿ ನೋಡುತ್ತಿದ್ದೆ. ಹೆಂಡತಿ ನನ್ನ ಮಣಿಕಟ್ಟು ಹಿಡಿದೇ ಕೂತಿದ್ದಳು. ಭಯ ಹೆಚ್ಚಾದಾಗಲೆಲ್ಲ ನಾನು ಒಂದು ಕೀಟಲೆಯನ್ನು ಮಸೆಯುತ್ತಿದ್ದೆ. ಬೆಳಿಗ್ಗೆ ಬ್ಯಾಂಡೇಜು ಬಿಚ್ಚಿ ಕಾಣುತ್ತದಾ ಎಂದು ಕೇಳುತ್ತಾರಲ್ಲ, ಆಗ ಏನೂ ಕಾಣಲ್ಲ ಎನ್ನಬೇಕು. ಎಲ್ಲರ ಮುಖ ಇಷ್ಟಾಗುವುದನ್ನು ನೋಡಿ ಆಮೇಲೆ ನಗಬೇಕು. ಇದನ್ನು ಯೋಚಿಸಬೇಕಾದರೆ ಕಾಣುತ್ತದೆ ಎಂದು ಮೊದಲು ನಂಬಬೇಕಲ್ಲ, ಅದಕ್ಕೇ ಬಿಡದೆ ಯೋಚಿಸಿದೆ.

ಬೆಳಿಗ್ಗೆ ಬಿಚ್ಚಿದರು. ಒದ್ದೆ ಹತ್ತಿಯಿಂದ ಒರೆಸಿ, ನಿಧಾನಕ್ಕೆ ಕಣ್ಣು ಬಿಡಿ ಎಂದರು. ಬಿಟ್ಟೆ. ಎದುರಿಗೆ ಹೆಂಡತಿ ನಿಂತಿದ್ದಳು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ತಿರುಚಿ ತಿರುಚಿ ಹಗ್ಗದ ಹಾಗೆ ಮಾಡಿದ್ದಳು. ತುಟಿ ಬಿಳಿಚಿಕೊಂಡಿತ್ತು. ಇಷ್ಟು ದಿನ ನನ್ನೊಬ್ಬನದೇ ಎಂದು ನಾನು ಬಚ್ಚಿಟ್ಟುಕೊಂಡಿದ್ದ ಹೆದರಿಕೆ ಅವಳ ಮುಖದ ಮೇಲೆ ಇತ್ತು, ನನ್ನದಕ್ಕಿಂತ ದೊಡ್ಡದಾಗಿ.

ಡಾಕ್ಟರಮ್ಮ ಕೇಳಿದರು. ಕೀಟಲೆ ಬಾಯಿಗೆ ಬಂದಿತ್ತು. ನುಂಗಿದೆ.

"ಕಾಣ್ತದೆ," ಎಂದೆ.

ಹೆಂಡತಿ ನಂಬಲಿಲ್ಲ. ತಪ್ಪು ಅವಳದಲ್ಲ, ಜೀವಮಾನವಿಡೀ ನಾನೇ ಪಾಠ ಮಾಡಿದ್ದು. ಡಾಕ್ಟರು ಎದ್ದು ಹೋದ ಮೇಲೆ ಬೆರಳು ತೋರಿಸಿ ಎಷ್ಟು ಎಂದಳು. ಸರಿ ಹೇಳಿದೆ. ಅಂದಾಜಿನ ಮೇಲೆ ಹೇಳಿದ್ರಿ ಎಂದಳು. ಡ್ರೈವರ್ ಊರಿಗೆ ಹೋಗಿದ್ದರಿಂದ ಬಸ್ಸಿನಲ್ಲೇ ವಾಪಸು ಹೊರಟೆವು. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಿ ತೋರಿಸಿದೆ. ಆನಂದಪುರದ ಮೇಲೆ ಶಿವಮೊಗ್ಗ ಎಂದೆ. ಇಂಜಿನ್ನಿನ ಸದ್ದು ಕೇಳಿಯೇ ಯಾವ ಬಸ್ಸು ಅಂತ ಹೇಳುವವರು ನೀವು, ಅದು ಲೆಕ್ಕಕ್ಕಿಲ್ಲ ಎಂದಳು. ಅದೂ ನಿಜ. ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ನಾನು ಅವಳ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಎಂದೇ ಅವಳ ಮನಸ್ಸಿನಲ್ಲಿ ಕೂತಿತ್ತು.

ಹೊಸನಗರದ ಬಸ್ಸು ಹತ್ತಿ ಕೂತ ಮೇಲೆ ಅವಳು ಚೀಲದಿಂದ ಒಂದು ಪುಸ್ತಕ ತೆಗೆದಳು. ಏಳನೆಯ ಸಂಪುಟ. ಟೀಚರ್ ಕಳಿಸಿದ್ದಂತೆ, ಕಣ್ಣು ಸರಿಯಾಗುವವರೆಗೆ ಕೊಡಬಾರದು ಎಂದಿದ್ದರಂತೆ. ಅವಳು ಅದನ್ನು ಎಲ್ಲೋ ನಡುವೆ ತೆರೆದು ನನ್ನ ತೊಡೆಯ ಮೇಲಿಟ್ಟು, "ಇದನ್ನ ನೀವು ಮೊದ್ಲು ಓದಿಲ್ಲ. ಓದಿ ನೋಡನ," ಎಂದಳು.

ಕಪ್ಪು ಅಕ್ಷರಗಳು ಇರುವೆಯ ಸಾಲಿನ ಹಾಗೆ ಸ್ಪಷ್ಟವಾಗಿ ನಿಂತಿದ್ದವು. ಗಟ್ಟಿಯಾಗಿ ಓದಿದೆ. ಮಂಜು ಮೆಟ್ಟಿಲು ಹತ್ತುತ್ತಿತ್ತು. ಅದರೊಳಗಿಂದ ಬಾಗಿಲಿನವನಿಗೆ ಸತ್ತ ತಾಯಿಯ ದನಿ ಕೇಳಿಸಿತು. ಅವನು ಎನ್ನುವಲ್ಲಿಗೆ ಪುಟ ಮುಗಿದಿತ್ತು. ತಿರುಗಿಸಲು ಹೋದ ಕೈಯನ್ನು ಹಿಂದಕ್ಕೆ ತೆಗೆದೆ.

"ಯಾಕೆ ನಿಲ್ಸಿದ್ರಿ? ಕಾಣಲ್ಲನ?"

"ಕಾಣ್ತದೆ ಮಾರಾಯ್ತಿ," ಎಂದೆ. "ಹೆದ್ರಿಕೆ ಆಗ್ತದೆ."

ಮದುವೆಯಾದ ಮೇಲೆ ಅವಳ ಹತ್ತಿರ ಈ ಮಾತು ಆಡಿದ್ದು ಅದೇ ಮೊದಲು. ಅವಳು ನನ್ನ ಮುಖವನ್ನೇ ನೋಡಿದಳು, ಬಸ್ಸಿನ ಜನ ಕಿಟಕಿಯಿಂದ ಹಣಕಿ ಸಾಗರವನ್ನು ಖಾತ್ರಿ ಮಾಡಿಕೊಳ್ಳುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು. ಈ ಸಲ ನಂಬಿದಳು. ಸರಿದು ಹತ್ತಿರ ಕೂತು ಪುಟದ ಮೂಲೆಗೆ ಬೆರಳು ಹಾಕಿದಳು.

"ಪುಟ ನಾನು ತಿರುಗಿಸ್ತೀನಿ," ಎಂದಳು. "ನೀವು ಓದಿ."